ಟೆಸ್ಟ್ ನಾಯಕತ್ವ ಬೌಲರ್‌ಗೆ ಯಾಕೆ ಕೊನೆಗೇ ಸಿಗುತ್ತದೆ? ಕುಂಬ್ಳೆಯವರ ಪರ್ತ್‌ನಿಂದ ಬುಮ್ರಾ ಪರ್ತ್‌ವರೆಗೆ

ಜಯನಗರ ಲೆಗ್‌ಸ್ಪಿನ್

ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಸರಣಿ ಅಂದ ಕೂಡಲೇ ನಮ್ಮಲ್ಲಿ ಮಾತೆಲ್ಲ ಬ್ಯಾಟ್ಸ್‌ಮನ್‌ಗಳದ್ದೇ. ಓಪನಿಂಗ್ ಯಾರು, ಮೂರಕ್ಕೆ ಯಾರು, ಯಾರನ್ನು ಕೂರಿಸಬೇಕು. ನನಗೆ ಬಹಳ ದಿನದಿಂದ ಕೊರೆಯುತ್ತಿರುವುದು ಬೇರೆ. ಬೌಲರ್‌ನನ್ನು ಕ್ಯಾಪ್ಟನ್ ಮಾಡುವುದು ನಮ್ಮಲ್ಲಿ ಬೇರೆ ಯಾರೂ ಸಿಗದಾಗ ಮಾತ್ರ. ಇದು ತಪ್ಪು.

2007ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಇಂಗ್ಲೆಂಡ್‌ನಲ್ಲಿ ಸರಣಿ ಗೆದ್ದು ಬಂದ ದ್ರಾವಿಡ್ ನಾಯಕತ್ವ ಬಿಟ್ಟರು. ಸಚಿನ್ ಒಲ್ಲೆ ಅಂದರು. ಆಮೇಲೆ ಕುಂಬ್ಳೆಯವರ ಹೆಸರು ಬಂತು. ಆಗ ಅವರಿಗೆ 37 ವರ್ಷ. ಮೊದಲ ಟೆಸ್ಟ್ ಆಡಿ 17 ವರ್ಷ ಕಳೆದಿತ್ತು. ಅಷ್ಟು ವರ್ಷ ಒಂದು ತಂಡದ ಬೌಲಿಂಗ್ ಹೊತ್ತ ಮನುಷ್ಯನಿಗೆ ಆ ಕುರ್ಚಿ ಸಿಕ್ಕಿದ್ದು ಎಲ್ಲರೂ ಎದ್ದುಹೋದ ಮೇಲೆ.

2007-08ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೆಲ್ಬರ್ನ್‌ನಲ್ಲಿ 337 ರನ್ನಿಂದ ಸೋತೆವು. ಸಿಡ್ನಿಯಲ್ಲಿ ಏನಾಯ್ತು ಅಂತ ಯಾರಿಗೂ ಹೇಳಬೇಕಿಲ್ಲ: ಅಂಪೈರ್‌ಗಳ ತಪ್ಪು ತೀರ್ಪು, ಸೈಮಂಡ್ಸ್‌ಗೆ ಜನಾಂಗೀಯ ನಿಂದನೆ ಮಾಡಿದ ಅಂತ ಹರ್ಭಜನ್ ಮೇಲೆ ಆರೋಪ. ಕೊನೆಯ ದಿನ ಕ್ಲಾರ್ಕ್ ಒಂದೇ ಓವರಿನಲ್ಲಿ ಮೂರು ವಿಕೆಟ್ ತೆಗೆದಾಗ ಆ ಕಡೆ ತುದಿಯಲ್ಲಿ ಕುಂಬ್ಳೆ 45 ಹೊಡೆದು ಔಟಾಗದೆ ನಿಂತಿದ್ದರು. ಹೆಲ್ಮೆಟ್ ತೆಗೆಯದೆ ಸುಮ್ಮನೆ ನೋಡುತ್ತಿದ್ದ ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಪರ್ತ್. ನಮ್ಮ ಮನೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಸರಣಿ 0-2. ಈ ಹೊತ್ತಿನಲ್ಲಿ ಬಹಳ ಜನ ಕ್ಯಾಪ್ಟನ್‌ಗಳು ಇನ್ನೊಬ್ಬ ಬ್ಯಾಟ್ಸ್‌ಮನ್ ಸೇರಿಸಿ ಡ್ರಾ ಮಾಡಿಕೊಳ್ಳೋಣ ಅಂತಾರೆ. ಕುಂಬ್ಳೆಯವರ ತಂಡ ಯುವರಾಜ್‌ನನ್ನು ಕೂರಿಸಿ ಸೆಹ್ವಾಗ್‌ನನ್ನು ಓಪನಿಂಗ್‌ಗೆ ತಂದಿತು. ಅಲ್ಲಿವರೆಗೂ ಓಪನಿಂಗ್ ಮಾಡುತ್ತಿದ್ದ ದ್ರಾವಿಡ್ ತಮ್ಮ ಮೂರನೇ ಜಾಗಕ್ಕೆ ವಾಪಸ್ ಹೋಗಿ 93 ಹೊಡೆದರು. ಇದಕ್ಕಿಂತ ದೊಡ್ಡದು ಹರ್ಭಜನ್‌ನನ್ನು ಬಿಟ್ಟು ಇರ್ಫಾನ್‌ನನ್ನು ಆಡಿಸಿದ್ದು. ಸಿಡ್ನಿಯ ಎರಡೂ ಇನಿಂಗ್ಸ್‌ನಲ್ಲಿ ಪಾಂಟಿಂಗ್‌ನನ್ನು ಔಟ್ ಮಾಡಿದ್ದೇ ಹರ್ಭಜನ್. ಇಡೀ ದೇಶ ಅವನ ಬೆನ್ನಿಗೆ ನಿಂತಿದ್ದ ವಾರ ಅದು. ಆದರೂ ಆ ಪಿಚ್‌ಗೆ ಒಬ್ಬ ಸ್ಪಿನ್ನರ್ ಸಾಕು, ಗಾಳಿಯಲ್ಲಿ ಚೆಂಡು ತಿರುಗಿಸುವವರು ಬೇಕು ಅನ್ನೋದು ಲೆಕ್ಕ. ಇರ್ಫಾನ್ ಐದು ವಿಕೆಟ್ ತೆಗೆದ, ನೈಟ್‌ವಾಚ್‌ಮನ್ ಆಗಿ (ದಿನದ ಕೊನೆಗೆ ಮುಖ್ಯ ಬ್ಯಾಟ್ಸ್‌ಮನ್ ಬದಲು) ಬಂದು 46 ಹೊಡೆದ, ಪಂದ್ಯಶ್ರೇಷ್ಠನಾದ. ನಾವು 72 ರನ್ನಿಂದ ಗೆದ್ದೆವು. ಸತತ 16 ಟೆಸ್ಟ್ ಗೆದ್ದಿದ್ದ ಆಸ್ಟ್ರೇಲಿಯಾದ ಓಟ ಅಲ್ಲಿಗೆ ನಿಂತಿತು.

ನನ್ನ ಮಾತು ಇಷ್ಟೇ. ಬ್ಯಾಟ್ಸ್‌ಮನ್ ಕ್ಯಾಪ್ಟನ್ ತಂಡದ ಪಟ್ಟಿ ಬರೆಯುವಾಗ ರನ್ ಎಲ್ಲಿಂದ ಬರುತ್ತೆ ಅಂತ ಮೊದಲು ನೋಡುತ್ತಾನೆ. ಬೌಲರ್ ಕ್ಯಾಪ್ಟನ್ ಎದುರಾಳಿಯ ಎರಡೂ ಇನಿಂಗ್ಸ್‌ನ 20 ವಿಕೆಟ್ ಎಲ್ಲಿಂದ ಬರುತ್ತೆ ಅಂತ ನೋಡುತ್ತಾನೆ. ಟೆಸ್ಟ್ ಗೆಲ್ಲುವುದು ಎರಡನೆಯ ಲೆಕ್ಕದಿಂದ.

ಧಾರವಾಡ ಓಪನರ್

ಅಲ್ರೀ, ಒಂದು ಪಂದ್ಯ ಹಿಡಿದುಕೊಂಡು ಇಷ್ಟು ದೊಡ್ಡ ಮಾತು ಹೇಳಿದರೆ ಹೆಂಗ? ಕುಂಬ್ಳೆಯವರ ಮೇಲೆ ನನಗೂ ನಿಮ್ಮಷ್ಟೇ ಅಭಿಮಾನ. ಆದರೆ ಲೆಕ್ಕ ಲೆಕ್ಕವೇ. ಅವರು ನಾಯಕರಾಗಿದ್ದು 14 ಟೆಸ್ಟ್. ಗೆದ್ದಿದ್ದು 3, ಸೋತಿದ್ದು 5.

2001ರಲ್ಲಿ ಏನಾಯ್ತು ನೋಡ್ರಿ. ಕುಂಬ್ಳೆ ಭುಜದ ಗಾಯದಿಂದ ಹೊರಗಿದ್ದರು. ಹರ್ಭಜನ್ ಬೇಕೇ ಬೇಕು ಅಂತ ಪಟ್ಟು ಹಿಡಿದವರು ಗಂಗೂಲಿ, ಒಬ್ಬ ಬ್ಯಾಟ್ಸ್‌ಮನ್. ಆ ಹುಡುಗ ಮೂರು ಟೆಸ್ಟ್‌ನಲ್ಲಿ 32 ವಿಕೆಟ್ ತೆಗೆದ. ಕೋಲ್ಕತಾದಲ್ಲಿ ಫಾಲೋ ಆನ್ ಆದ ಮೇಲೆ ಲಕ್ಷ್ಮಣ್‌ರನ್ನು ಮೂರಕ್ಕೆ ಕಳಿಸಿ ದ್ರಾವಿಡ್‌ರನ್ನು ಆರಕ್ಕೆ ಇಳಿಸಿದರು. ಲಕ್ಷ್ಮಣ್ 281, ದ್ರಾವಿಡ್ 180, ಇಬ್ಬರದ್ದೂ 376 ರನ್ ಜೊತೆಯಾಟ. ಬೌಲರ್‌ನನ್ನು ನಂಬೋದಕ್ಕೆ ತಾನೂ ಬೌಲರ್ ಆಗಿರಬೇಕು ಅಂತೇನಿಲ್ಲ.

2003ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಕುಂಬ್ಳೆಯವರನ್ನು ಕರೆದುಕೊಂಡು ಹೋಗಲು ಆಯ್ಕೆಗಾರರ ಜೊತೆ ಜಗಳ ಆಡಬೇಕಾಯ್ತು ಅಂತ ಗಂಗೂಲಿಯವರೇ ಹೇಳಿದ್ದಾರಲ್ಲ?

ಜಯನಗರ ಲೆಗ್‌ಸ್ಪಿನ್

ಹೌದು, ಹೇಳಿದ್ದಾರೆ. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ ಸರ್. ಬ್ರಿಸ್ಬೇನ್‌ನ ಮೊದಲ ಟೆಸ್ಟ್‌ಗೆ ಕುಂಬ್ಳೆ ಹೊರಗೇ ಇದ್ದರು, ಹರ್ಭಜನ್ ಆಡಿದ. ಹರ್ಭಜನ್‌ಗೆ ಗಾಯವಾದ ಮೇಲೆ ಅಡಿಲೇಡ್‌ನಲ್ಲಿ ಜಾಗ ಸಿಕ್ಕಿತು. ಮೂರು ಟೆಸ್ಟ್, 24 ವಿಕೆಟ್. ಸಿಡ್ನಿಯಲ್ಲಿ ಒಂದೇ ಇನಿಂಗ್ಸ್‌ನಲ್ಲಿ 8 ವಿಕೆಟ್. ಅಡಿಲೇಡ್ ಅಂದರೆ ಎಲ್ಲರೂ ದ್ರಾವಿಡ್‌ರ 233 ಮತ್ತು 72, ಅಗರ್ಕರ್‌ನ 6 ವಿಕೆಟ್ ಹೇಳುತ್ತಾರೆ. ಮೊದಲ ಇನಿಂಗ್ಸ್‌ನಲ್ಲಿ ಆಸ್ಟ್ರೇಲಿಯಾ 556 ಹೊಡೆಯುವಾಗ ಒಂದು ತುದಿಯಿಂದ ಬಿಡದೆ ಹಾಕಿ ಐದು ವಿಕೆಟ್ ತೆಗೆದವರು ಕುಂಬ್ಳೆ. ಅದನ್ನೂ ಹೇಳಬೇಕಲ್ವಾ?

ಪರ್ತ್ ಕನ್ನಡಿಗ

2008ರಲ್ಲಿ ನಾನು ಆ ಮೈದಾನದಲ್ಲಿದ್ದೆ. ಇಲ್ಲಿಗೆ ಬಂದು ಎರಡು ವರ್ಷ ಆಗಿತ್ತು. ಪಂದ್ಯದ ಹಿಂದಿನ ವಾರ ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: ವಾಕಾ (ಪರ್ತ್‌ನ ಹಳೇ ಮೈದಾನ) ಪಿಚ್ ಮೇಲೆ ಇಂಡಿಯಾ ಮೂರು ದಿನ ನಿಲ್ಲಲ್ಲ. ಆಸ್ಟ್ರೇಲಿಯಾದವರೂ ಹಾಗೇ ನಂಬಿದ್ದರು ಅನ್ನಿಸುತ್ತೆ. ಸ್ಪಿನ್ನರ್ ಹಾಗ್‌ನನ್ನು ಬಿಟ್ಟು ಶಾನ್ ಟೇಟ್‌ನನ್ನು ಆಡಿಸಿದರು. ನಾಲ್ಕು ಜನ ವೇಗಿಗಳು. ಟೇಟ್‌ಗೆ ಎರಡೂ ಇನಿಂಗ್ಸ್ ಸೇರಿ ಒಂದು ವಿಕೆಟ್ ಸಹ ಬರಲಿಲ್ಲ.

ಈ ಮಾತನ್ನು ಇಲ್ಲಿ ಯಾರೂ ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಪಿಚ್ ನೋಡಿ ಇಬ್ಬರು ಕ್ಯಾಪ್ಟನ್‌ಗಳು ಎರಡು ಬೇರೆ ತಂಡ ಕಟ್ಟಿದರು. ಪಾಂಟಿಂಗ್ ಪಾಳಯ ಹೆದರಿಸುವ ವೇಗ ಹುಡುಕಿತು. ನಮ್ಮವರು ಸ್ವಿಂಗ್ ಹುಡುಕಿದರು. ಇಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ತಂಪು ಗಾಳಿ ಬೀಸುತ್ತೆ. ಊರವರು ಅದಕ್ಕೆ ‘ಫ್ರಿಮ್ಯಾಂಟಲ್ ಡಾಕ್ಟರ್’ ಅಂತಾರೆ. ಗಾಳಿ ಶುರುವಾದರೆ ಸ್ಟ್ಯಾಂಡಿನಲ್ಲಿ ಕೂತವರ ಟೋಪಿ ಹಾರುತ್ತೆ. ಆ ಗಾಳಿಯಲ್ಲಿ ಗಂಟೆಗೆ 150 ಕಿಲೋಮೀಟರ್ ಎಸೆಯುವವನಿಗಿಂತ ಚೆಂಡನ್ನು ಸ್ವಿಂಗ್ ಮಾಡುವವನೇ ಮೇಲು. ಇರ್ಫಾನ್, ಆರ್.ಪಿ. ಸಿಂಗ್ ಇಬ್ಬರೂ ಎಡಗೈ. ಅವರ ಜೊತೆ ಇಶಾಂತ್ ಎತ್ತರ. ನನ್ನ ಪಕ್ಕ ಕೂತಿದ್ದ ಅಲ್ಲಿಯ ಹಿರಿಯರೊಬ್ಬರು ಮೊದಲ ದಿನ ಸಂಜೆಯೇ "ನಿಮ್ಮವರು ಸರಿಯಾದ ಬೌಲರ್‌ಗಳನ್ನು ತಂದಿದ್ದಾರೆ" ಅಂದರು.

ಸೈಮಂಡ್ಸ್‌ನ ಎಡ್ಜ್ ಸ್ಲಿಪ್‌ನಲ್ಲಿ ದ್ರಾವಿಡ್ ಕೈಗೆ ಹೋಗಿ ಕುಂಬ್ಳೆಯವರ 600ನೇ ವಿಕೆಟ್ ಬಂದಾಗ ನಾನು ಕನ್ನಡದಲ್ಲೇ ಕೂಗಿದೆ. ನಾಲ್ಕು ಸಾಲು ಕೆಳಗಿನಿಂದ ಇನ್ನೊಬ್ಬರು ಕನ್ನಡದಲ್ಲೇ ತಿರುಗಿ ಕೂಗಿದರು. ಅವರ ಪರಿಚಯವೇ ಇರಲಿಲ್ಲ. ಈಗ ಪ್ರತಿ ವರ್ಷ ಯುಗಾದಿಗೆ ಅವರ ಮನೆಯಲ್ಲೇ ನಮಗೆ ಊಟ.

ಮೂರನೇ ಸ್ಲಿಪ್

ನಾಲ್ಕನೇ ದಿನ ಇಶಾಂತ್ ಪಾಂಟಿಂಗ್‌ಗೆ ಹಾಕಿದ ಸ್ಪೆಲ್ ಬಗ್ಗೆ ಯಾರೂ ಬರೆದಿಲ್ಲ? ಅದೇ ಅಲ್ವಾ ನಿಜವಾದ ನಾಯಕತ್ವ?

ಹುಡುಗನಿಗೆ 19 ವರ್ಷ. ಪಾಂಟಿಂಗ್‌ಗೆ ಒಂದೇ ಸಮನೆ ತೊಂದರೆ ಕೊಡುತ್ತಿದ್ದ, ವಿಕೆಟ್ ಮಾತ್ರ ಬರುತ್ತಿರಲಿಲ್ಲ. ಕುಂಬ್ಳೆ ಅವನಿಗೆ ವಿಶ್ರಾಂತಿ ಕೊಡಲು ಹೊರಟಿದ್ದರು. ಡೆಲ್ಲಿ ತಂಡದಲ್ಲಿ ಇವನು ಉದ್ದುದ್ದ ಸ್ಪೆಲ್ ಹಾಕಿದ್ದು ನೋಡಿದ್ದೇನೆ, ಇನ್ನೊಂದು ಓವರ್ ಕೊಡಿ ಅಂತ ಸೆಹ್ವಾಗ್ ಹೇಳಿದರು. ಕುಂಬ್ಳೆ ಹುಡುಗನನ್ನೇ ಕೇಳಿದರು, ಹಾಕ್ತೀಯಾ ಅಂತ. ಹಾಕ್ತೀನಿ ಅಂದ. ಆ ಓವರಿನಲ್ಲೇ ಪಾಂಟಿಂಗ್ ಎಡ್ಜ್, ಸ್ಲಿಪ್‌ನಲ್ಲಿ ದ್ರಾವಿಡ್.

ಕ್ಯಾಪ್ಟನ್ ತಾನು ತೀರ್ಮಾನ ಮಾಡಿದ ಮೇಲೂ ಮಾತು ಕೇಳಿದರು. ದಣಿದ ಬೌಲರ್‌ಗೆ ‘ಹಾಕ್ತೀಯಾ’ ಅಂತ ಕೇಳುವ ದನಿ ಹೇಗಿರಬೇಕು ಅನ್ನೋದು ಬೌಲರ್‌ಗೇ ಗೊತ್ತಿರೋದು. ನಾನು ಕಾಲೇಜ್ ತಂಡಕ್ಕೆ ಮೀಡಿಯಂ ಪೇಸ್ ಹಾಕುತ್ತಿದ್ದೆ. ಏಳನೇ ಓವರ್ ಆದಮೇಲೆ ಕಾಲು ಹೇಗೆ ನಡುಗುತ್ತೆ ಅಂತ ನಮ್ಮ ಓಪನರ್ ಕ್ಯಾಪ್ಟನ್‌ಗೆ ಒಮ್ಮೆಯೂ ಅರ್ಥ ಆಗಿದ್ದಿಲ್ಲ.

ಶಿವಮೊಗ್ಗ ಸ್ಕೋರ್‌ಬುಕ್

ನೀವೆಲ್ಲ ಹುಡುಗರು 1996ರಿಂದ ಈಚೆಗೆ ಮಾತ್ರ ನೋಡುತ್ತಿದ್ದೀರಿ. ಭಾರತ-ಆಸ್ಟ್ರೇಲಿಯಾ ಟೆಸ್ಟ್ ಸರಣಿಯ ಟ್ರೋಫಿಗೆ ಬಾರ್ಡರ್-ಗಾವಸ್ಕರ್ ಅಂತ ಹೆಸರು ಬಂದಿದ್ದು ಆವಾಗ. ಜಗಳ ಅದಕ್ಕಿಂತ ಹಳೆಯದು.

ಮೊದಲು ಜಯನಗರದವರಿಗೆ ಒಂದು ತಿದ್ದುಪಡಿ. ಬೌಲರ್‌ಗೆ ಕೊನೆಗೇ ಕೊಡುತ್ತಾರೆ ಅಂದಿರಿ. 1977-78ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ತಂಡದ ನಾಯಕ ಬಿಷನ್ ಸಿಂಗ್ ಬೇಡಿ. ಅವರು ಅಳಿದುಳಿದ ಆಯ್ಕೆ ಆಗಿರಲಿಲ್ಲ. ಆ ಸರಣಿಯ ಹಾಗೆ ಐದು ಟೆಸ್ಟ್ ನಾನು ಮತ್ತೆ ಕೇಳಿಲ್ಲ. ನೋಡಿಲ್ಲ ಅನ್ನುತ್ತಿಲ್ಲ, ಕೇಳಿಲ್ಲ. ಎಲ್ಲ ರೇಡಿಯೋ. ಬೆಳಗಿನ ಜಾವ ನಮ್ಮಪ್ಪ ರೇಡಿಯೋ ಕಿವಿಗೆ ಒತ್ತಿಕೊಂಡು ಜಗುಲಿ ಮೇಲೆ ಕೂರುತ್ತಿದ್ದರು. ಸ್ಟೇಷನ್ ತಪ್ಪಿದರೆ ಗೊರಗೊರ ಶಬ್ದ. ಪಕ್ಕದಲ್ಲಿ ನಾನು ಹಳೇ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಸ್ಕೋರ್ ಬರೆಯುತ್ತಿದ್ದೆ. ಆ ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇದೆ. ಪೆನ್ಸಿಲ್ ಅಕ್ಷರ ಮಾಸಿದೆ.

ಆಸ್ಟ್ರೇಲಿಯಾದ ದೊಡ್ಡ ಆಟಗಾರರೆಲ್ಲ ಕೆರ್ರಿ ಪ್ಯಾಕರ್ ನಡೆಸುತ್ತಿದ್ದ ಖಾಸಗಿ ಕ್ರಿಕೆಟ್ ಕಡೆ ಹೋಗಿದ್ದರು. ಟೆಸ್ಟ್ ಬಿಟ್ಟು ಹತ್ತು ವರ್ಷವಾಗಿದ್ದ ಬಾಬ್ ಸಿಂಪ್ಸನ್‌ರನ್ನು 41ನೇ ವಯಸ್ಸಿನಲ್ಲಿ ಕರೆದು ಕ್ಯಾಪ್ಟನ್ ಮಾಡಿದರು. ಅವರ ಹಿಂದಿನ ಕೊನೆಯ ಟೆಸ್ಟ್ ಸಹ ನಮ್ಮ ವಿರುದ್ಧವೇ, 1968ರಲ್ಲಿ. ಬಂದವರು ಪರ್ತ್‌ನಲ್ಲಿ 176 ಹೊಡೆದರು, ಅಡಿಲೇಡ್‌ನಲ್ಲಿ 100. ಯಾರನ್ನು ಆರಿಸಬೇಕು ಅಂತ ತಲೆಕೆಡಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಬ್ರಿಸ್ಬೇನ್‌ನಲ್ಲಿ 16 ರನ್ನಿಂದ ಸೋತೆವು. ಪರ್ತ್‌ನಲ್ಲಿ ಎರಡು ವಿಕೆಟ್‌ನಿಂದ. ಆಮೇಲೆ ಮೆಲ್ಬರ್ನ್. ನಮ್ಮ ಚಂದ್ರಶೇಖರ್ ಮೊದಲ ಇನಿಂಗ್ಸ್‌ನಲ್ಲಿ 52 ರನ್ನಿಗೆ 6, ಎರಡನೆಯದರಲ್ಲೂ 52 ರನ್ನಿಗೆ 6. ಎರಡು ಸಲ ಅದೇ ಅಂಕಿ ಬರೆಯುವಾಗ ತಪ್ಪಾಯಿತೇನೋ ಅಂತ ಅಪ್ಪನನ್ನು ಕೇಳಿದ್ದೆ. ಆಸ್ಟ್ರೇಲಿಯಾದಲ್ಲಿ ನಾವು ಗೆದ್ದ ಮೊದಲ ಟೆಸ್ಟ್ ಅದು. ಸಿಡ್ನಿಯಲ್ಲೂ ಗೆದ್ದೆವು, ಇನಿಂಗ್ಸ್ ಅಂತರದಿಂದ. ಅಡಿಲೇಡ್‌ನಲ್ಲಿ 493 ಬೆನ್ನಟ್ಟಿ 445ಕ್ಕೆ ಔಟಾದೆವು. ಭದ್ರಾವತಿಯ ವಿಶ್ವನಾಥ್ ಆಡುತ್ತಿರುವವರೆಗೂ ಅಪ್ಪ ಕಾಫಿ ಮುಟ್ಟುತ್ತಿರಲಿಲ್ಲ.

ಬೇಡಿ ಆ ಸರಣಿಯಲ್ಲಿ 31 ವಿಕೆಟ್ ತೆಗೆದರು, ಚಂದ್ರ 28. ಕ್ಯಾಪ್ಟನ್ ಆದರೆ ಬೌಲಿಂಗ್ ಕೆಡುತ್ತೆ ಅನ್ನುವವರಿಗೆ ಇದೇ ಉತ್ತರ. ಸರಣಿ 2-3 ಸೋತೆವು, ಅದೂ ನಿಜ.

ಜಯನಗರ ಲೆಗ್‌ಸ್ಪಿನ್

ಮೇಷ್ಟ್ರೇ, ತಿದ್ದುಪಡಿ ಒಪ್ಪಿದೆ. ಬೇಡಿಯವರನ್ನೂ ಕಪಿಲ್‌ರನ್ನೂ ಮರೆತು ಬರೆದೆ. 1986ರ ಚೆನ್ನೈ ಟೈ ಟೆಸ್ಟ್‌ಗೆ ಕಪಿಲ್ ಅವರೇ ನಾಯಕ. ಹಾಗಾದರೆ ಹೀಗೆ ಹೇಳುತ್ತೇನೆ. 1987ರಲ್ಲಿ ಕಪಿಲ್ ಕೆಳಗಿಳಿದ ಮೇಲೆ ಕುಂಬ್ಳೆಯವರೆಗೆ 20 ವರ್ಷ. ಒಂದು ಟೆಸ್ಟ್‌ಗೆ ರವಿ ಶಾಸ್ತ್ರಿ ಬಿಟ್ಟರೆ ಎಲ್ಲ ಬ್ಯಾಟ್ಸ್‌ಮನ್‌ಗಳೇ. ಕುಂಬ್ಳೆ ನಂತರ 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬುಮ್ರಾ ಬರುವವರೆಗೆ ಮತ್ತೆ ಯಾವ ಬೌಲರ್‌ಗೂ ಸಿಗಲಿಲ್ಲ. ಅದೂ ರೋಹಿತ್‌ಗೆ ಕೋವಿಡ್ ಬಂದಿದ್ದಕ್ಕೆ.

ನಾನು ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದೇನೆ ಅಂದರೆ, ಹನ್ನೆರಡು ವರ್ಷ ಲೀಗ್ ಪಂದ್ಯಗಳಲ್ಲಿ ಲೆಗ್‌ಸ್ಪಿನ್ ಹಾಕಿದವನು ನಾನು. ಮ್ಯಾಟ್ ಮೇಲೆ ಚೆಂಡು ಜಿಗಿಯುತ್ತೆ, ಸ್ಲಿಪ್ ಬೇಕೇ ಬೇಕು. ಮೊದಲ ಓವರಿನಲ್ಲಿ ಒಂದು ಫೋರ್ ಹೋಯ್ತು ಅಂದರೆ ನಮ್ಮ ಕ್ಯಾಪ್ಟನ್ ಕೈ ಬೀಸಿ ಸ್ಲಿಪ್‌ನವನನ್ನು ಕವರ್ ಕಡೆಗೆ ಓಡಿಸುತ್ತಿದ್ದರು. ನನ್ನನ್ನು ಕೇಳುತ್ತಿರಲಿಲ್ಲ. ಎರಡು ಚೆಂಡು ಬಿಟ್ಟು ಎಡ್ಜ್ ಬರುತ್ತಿತ್ತು, ಅದೇ ಖಾಲಿ ಜಾಗದಲ್ಲಿ ಚೆಂಡು ಉರುಳಿ ಹೋಗುತ್ತಿತ್ತು. ಅವರು ಕೆಟ್ಟವರಲ್ಲ. ಬ್ಯಾಟ್ಸ್‌ಮನ್ ಕಣ್ಣಿಗೆ ಹೋದ ನಾಲ್ಕು ರನ್ ಕಾಣುತ್ತೆ, ಬರಬೇಕಾದ ಕ್ಯಾಚ್ ಕಾಣಲ್ಲ.

2014ರ ಅಡಿಲೇಡ್ ನೋಡಿ. ಧೋನಿಗೆ ಗಾಯ, ಕೊಹ್ಲಿ ಮೊದಲ ಸಲ ಕ್ಯಾಪ್ಟನ್. ಎರಡು ಇನಿಂಗ್ಸ್‌ನಲ್ಲಿ 115 ಮತ್ತು 141. ಗೆಲ್ಲೋದಕ್ಕೇ ಆಡಿದರು, ಆ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ಅಶ್ವಿನ್‌ನನ್ನು ಬಿಟ್ಟು ಕರಣ್ ಶರ್ಮಾನನ್ನು ಆಡಿಸಿದರು. ಅದೇ ಪಿಚ್ ಮೇಲೆ ಆಫ್‌ಸ್ಪಿನ್ನರ್ ಲಯನ್ 12 ವಿಕೆಟ್ ತೆಗೆದ. ನಾವು ಸೋತಿದ್ದು 48 ರನ್ನಿಗೆ. ಕರಣ್‌ಗೆ ಮತ್ತೊಂದು ಟೆಸ್ಟ್ ಸಿಗಲೇ ಇಲ್ಲ.

ಧಾರವಾಡ ಓಪನರ್

ಅದೇ ಕೊಹ್ಲಿ ಐದು ಬೌಲರ್ ಆಡಿಸೋದು ಅಭ್ಯಾಸ ಮಾಡಿಸಿದರು, ಅದನ್ನ ಮರೆಯಬೇಡ್ರಿ. 2020ರಲ್ಲಿ ಅಡಿಲೇಡ್‌ನಲ್ಲಿ 36ಕ್ಕೆ ಔಟಾದ ಮೇಲೆ ಕೊಹ್ಲಿ ಊರಿಗೆ ಹೋದರು. ಮೆಲ್ಬರ್ನ್‌ನ ಮುಂದಿನ ಟೆಸ್ಟ್‌ಗೆ ರಹಾನೆ ಕ್ಯಾಪ್ಟನ್. ಕೊಹ್ಲಿ ಜಾಗಕ್ಕೆ ಬ್ಯಾಟ್ಸ್‌ಮನ್ ಬೇಕು ಅಂತ ಎಲ್ಲರೂ ಕೂಗಿದರು. ತಂದಿದ್ದು ಯಾರನ್ನ? ಜಡೇಜಾನ! ಸಿರಾಜ್‌ಗೆ ಮೊದಲ ಟೆಸ್ಟ್, ಗಿಲ್‌ಗೂ ಮೊದಲ ಟೆಸ್ಟ್. ರಹಾನೆ 112. ಎಂಟು ವಿಕೆಟ್‌ನಿಂದ ಗೆದ್ದೆವು. ಬ್ಯಾಟ್ಸ್‌ಮನ್ ಕ್ಯಾಪ್ಟನ್ 20 ವಿಕೆಟ್ ಲೆಕ್ಕ ಹಾಕಲ್ಲ ಅನ್ನೋ ಮಾತು ಇಲ್ಲಿ ನಿಲ್ಲಲ್ಲ.

ಇನ್ನೊಂದು ಪ್ರಶ್ನೆ ನೀವು ಯಾರೂ ಕೇಳುತ್ತಿಲ್ಲ. ಬೌಲರ್ ಕ್ಯಾಪ್ಟನ್ ತನ್ನನ್ನು ತಾನು ಕೈಬಿಡೋದು ಯಾವಾಗ? 2008ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರಿನಲ್ಲೇ ಕುಂಬ್ಳೆಯವರಿಗೆ ಒಂದು ವಿಕೆಟ್ಟೂ ಬರಲಿಲ್ಲ. ಮೊಹಾಲಿಗೆ ಗಾಯ ಅಂತ ಹೊರಗಿದ್ದರು. ಧೋನಿ ಕ್ಯಾಪ್ಟನ್, ಅಮಿತ್ ಮಿಶ್ರಾ ಮೊದಲ ಟೆಸ್ಟ್‌ನಲ್ಲೇ ಐದು ವಿಕೆಟ್, 320 ರನ್ನಿಂದ ಗೆಲುವು. ನನಗೆ ಇದನ್ನ ಬರೆಯೋಕೆ ಬೇಜಾರು. ಆದರೆ ನಡೆದಿದ್ದು ನಡೆದಿದ್ದೇ.

ಮೂರನೇ ಸ್ಲಿಪ್

ಈ ತೊಂದರೆ ಬೌಲರ್‌ಗೆ ಮಾತ್ರವಾ? 2024-25ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಕ್ಯಾಪ್ಟನ್ ರೋಹಿತ್ ಐದು ಇನಿಂಗ್ಸ್ ಆಡಿ 31 ರನ್ ಹೊಡೆದಿದ್ದರು. ಅವರಿಗೆ ಜಾಗ ಮಾಡಲು ಎಷ್ಟು ಜನ ಕದಲಿದರು ನೋಡಿ. ಪರ್ತ್‌ನಲ್ಲಿ ಓಪನಿಂಗ್ ಬಂದು ಜೈಸ್ವಾಲ್ ಜೊತೆ 201 ಸೇರಿಸಿದ ನಮ್ಮ ಕೆ.ಎಲ್. ರಾಹುಲ್, ಮೆಲ್ಬರ್ನ್‌ಗೆ ಬರುವಷ್ಟರಲ್ಲಿ ಮೂರಕ್ಕೆ ಹೋದ. ಗಿಲ್ ಹೊರಗೆ. ರೋಹಿತ್ ಓಪನಿಂಗ್. ಆ ಪಂದ್ಯ 184 ರನ್ನಿಂದ ಸೋತೆವು. ಸಿಡ್ನಿಯಲ್ಲಿ ರೋಹಿತ್ ತಾವೇ ಹೊರಗೆ ಕೂತರು. ಅದು ದೊಡ್ಡ ಮನಸ್ಸು, ಒಪ್ಪುತ್ತೇನೆ. ಒಂದು ಟೆಸ್ಟ್ ಮೊದಲೇ ಆಗಿದ್ದರೆ?

ರಾಹುಲ್ ವಿಷಯದಲ್ಲಿ ನನಗೆ ನಿಜವಾಗಿ ಸಂಕಟ ಆಗುತ್ತೆ. ಎಲ್ಲಿ ತೂತು ಬಿದ್ದರೂ ಅಲ್ಲಿಗೆ ಇವನನ್ನೇ ತುಂಬುತ್ತಾರೆ.

ಪರ್ತ್ ಕನ್ನಡಿಗ

2024ರ ನವೆಂಬರ್‌ನ ಪಂದ್ಯಕ್ಕೂ ಹೋಗಿದ್ದೆ, ಮಗಳ ಜೊತೆ. ಈ ಸಲ ಹೊಸ ಸ್ಟೇಡಿಯಂ. ರೋಹಿತ್ ಇನ್ನೂ ಬಂದಿರಲಿಲ್ಲ, ಬುಮ್ರಾ ಕ್ಯಾಪ್ಟನ್. ಅಶ್ವಿನ್ ಜಡೇಜಾ ಇಬ್ಬರೂ ಹೊರಗೆ. ಇಬ್ಬರ ಹೆಸರಲ್ಲೂ ಸೇರಿ 800ಕ್ಕೂ ಜಾಸ್ತಿ ಟೆಸ್ಟ್ ವಿಕೆಟ್! ಸ್ಪಿನ್ನರ್ ಅಂತ ಆಡಿದ್ದು ವಾಷಿಂಗ್ಟನ್ ಸುಂದರ್ ಒಬ್ಬನೇ. ನಿತೀಶ್ ರೆಡ್ಡಿಗೂ ಹರ್ಷಿತ್ ರಾಣಾಗೂ ಮೊದಲ ಟೆಸ್ಟ್. ಗಿಲ್ ಬೆರಳಿಗೆ ಗಾಯ ಅಂತ ನಮ್ಮ ಪಡಿಕ್ಕಲ್ ಮೂರಕ್ಕೆ.

150ಕ್ಕೆ ಔಟಾದಾಗ ಮಗಳು ಮನೆಗೆ ಹೋಗೋಣವಾ ಅಂದಳು. ಸಂಜೆಯ ಹೊತ್ತಿಗೆ ಬುಮ್ರಾ ಅವರ ತಂಡವನ್ನೇ ಅಲುಗಾಡಿಸಿಬಿಟ್ಟಿದ್ದ. 30 ರನ್ನಿಗೆ 5. ಆಸ್ಟ್ರೇಲಿಯಾ 104. ಕೊನೆಗೆ 295 ರನ್ನಿಂದ ಗೆದ್ದೆವು. ಕುಂಬ್ಳೆಯವರ ಪರ್ತ್ ಕಂಡವನಿಗೆ ಇನ್ನೊಂದು ಪರ್ತ್ ಸಿಕ್ಕಿತು.

ನನಗೆ ಕಂಡ ಒಂದು ಸಣ್ಣ ವಿಷಯ. ಬುಮ್ರಾ ಬೌಲಿಂಗ್ ಇಲ್ಲದಾಗ ಮಿಡ್‌ಆಫ್‌ನಲ್ಲಿ ನಿಲ್ಲುತ್ತಿದ್ದ. ಪ್ರತಿ ಚೆಂಡಿಗೂ ಬೌಲರ್ ತಿರುಗಿ ನಡೆಯುವಾಗ ಪಕ್ಕದಲ್ಲೇ ಎರಡು ಹೆಜ್ಜೆ ನಡೆದು ಏನೋ ಹೇಳುತ್ತಿದ್ದ. ಫೀಲ್ಡ್ ಬದಲಾಯಿಸುವ ಮುಂಚೆ ರಾಣಾ ಮುಖ ನೋಡುತ್ತಿದ್ದ. ಜಯನಗರದ ಅಣ್ಣ ಸ್ಲಿಪ್ ಬಗ್ಗೆ ಬರೆದಿದ್ದು ಓದಿದಾಗ ಅದೇ ನೆನಪಾಯಿತು.

ಧಾರವಾಡ ಓಪನರ್

ಸರಿ, ಮುಂದೇನಾಯ್ತು ಅದನ್ನೂ ಬರೀರಿ. ಆ ಸರಣಿಯಲ್ಲಿ ಬುಮ್ರಾ 151 ಓವರ್‌ಗೂ ಜಾಸ್ತಿ ಹಾಕಿದ. 32 ವಿಕೆಟ್ ತೆಗೆದ. ಸಿಡ್ನಿಯಲ್ಲಿ ಮತ್ತೆ ಅವನೇ ಕ್ಯಾಪ್ಟನ್, ಎರಡನೇ ದಿನ ಬೆನ್ನು ಹಿಡಿದುಕೊಂಡು ಸ್ಕ್ಯಾನ್‌ಗೆ ಹೋದ. ಕೊಹ್ಲಿ ತಂಡ ನಡೆಸಿದರು. ಕೊನೆಯ ಇನಿಂಗ್ಸ್‌ನಲ್ಲಿ ಬುಮ್ರಾ ಚೆಂಡು ಮುಟ್ಟಲಿಲ್ಲ. 162 ಬೇಕಿತ್ತು, ಅವರು ಹೊಡೆದರು. ಹತ್ತು ವರ್ಷದ ಮೇಲೆ ಟ್ರೋಫಿ ಅವರ ಕೈಗೆ ಹೋಯ್ತು.

ಎಲ್ಲ ಟೆಸ್ಟ್ ಆಡೋಕೆ ಆಗಲ್ಲ, ನಾಯಕತ್ವಕ್ಕೆ ನನ್ನನ್ನು ಪರಿಗಣಿಸಬೇಡಿ ಅಂತ ಆಮೇಲೆ ತಾನೇ ಮಂಡಳಿಗೆ ಹೇಳಿದೆ ಅಂದಿದ್ದಾನೆ. ಬೌಲರ್‌ನೇ ಬೇಡ ಅಂದ ಮೇಲೆ ನಾವು ಇಲ್ಲಿ ಕೂತು ಯಾರಿಗಾಗಿ ವಾದ ಮಾಡೋದು?

ಜಯನಗರ ಲೆಗ್‌ಸ್ಪಿನ್

ಅಣ್ಣಾ, ಆ ಟ್ರೋಫಿ ಯಾರ ಕೈಗೆ ಹೋಯ್ತು ಹೇಳಿ. ಪ್ಯಾಟ್ ಕಮಿನ್ಸ್ ಕೈಗೆ. ವೇಗದ ಬೌಲರ್. ಐದೂ ಟೆಸ್ಟ್ ಆಡಿ 25 ವಿಕೆಟ್ ತೆಗೆದ ಕ್ಯಾಪ್ಟನ್. ಆಸ್ಟ್ರೇಲಿಯಾದಲ್ಲೂ ಇದು ಹೊಸದೇ. ಅವನಿಗಿಂತ ಮೊದಲು ಅವರ ಟೆಸ್ಟ್ ತಂಡ ನಡೆಸಿದ ವೇಗಿ ರೇ ಲಿಂಡ್‌ವಾಲ್, ಅದೂ ಒಂದೇ ಟೆಸ್ಟ್, 1956ರಲ್ಲಿ ಬಾಂಬೆಯಲ್ಲಿ ನಮ್ಮ ವಿರುದ್ಧ. ಬಾಲ್ ಟ್ಯಾಂಪರಿಂಗ್ (ಚೆಂಡು ಕೆಡಿಸಿದ) ಹಗರಣ, ಆಮೇಲೆ ಕ್ಯಾಪ್ಟನ್ ಪೇನ್ ರಾಜೀನಾಮೆ, ಎಲ್ಲ ಕಂಡ ಮೇಲೆ 2021ರಲ್ಲಿ ಕೊಟ್ಟರು. ಕೊಟ್ಟ ಮೇಲೆ ನಂಬಿದರು. 2023ರಲ್ಲಿ ಇಲ್ಲಿ ಎರಡು ಟೆಸ್ಟ್ ಸೋತಾಗ, ನಾಗ್ಪುರದಲ್ಲಿ ಟ್ರಾವಿಸ್ ಹೆಡ್‌ನನ್ನು ಹೊರಗಿಟ್ಟಿದ್ದಕ್ಕೆ ಬೈಸಿಕೊಂಡಾಗ, ತಾಯಿಯ ಕಾಯಿಲೆ ಅಂತ ಊರಿಗೆ ಹೋದಾಗ ಸ್ಮಿತ್ ಬಂದು ಇಂದೋರ್ ಗೆದ್ದುಕೊಟ್ಟ. ಹಾಗಂತ ಕಮಿನ್ಸ್‌ನಿಂದ ಕಿತ್ತುಕೊಳ್ಳಲಿಲ್ಲ.

ಬುಮ್ರಾ ಬೇಡ ಅಂದಿದ್ದು ಮೈ ಕೇಳಲ್ಲ ಅಂತ. ಅದನ್ನು ಗೌರವಿಸುತ್ತೇನೆ. ನಾನು ಕೇಳುತ್ತಿರುವುದು ಅವನ ನಂತರದ ಹುಡುಗನಿಗಾಗಿ. ರಣಜಿಯಲ್ಲಿ, 19ರ ಒಳಗಿನ ತಂಡದಲ್ಲಿ, ಎಲ್ಲಾ ಕಡೆ ಚೆನ್ನಾಗಿ ಬ್ಯಾಟ್ ಮಾಡುವವನಿಗೇ ಮೊದಲು ಕ್ಯಾಪ್ಟನ್ ಪಟ್ಟ. 25 ವರ್ಷದ ಬೌಲರ್ ಒಬ್ಬ ಫೀಲ್ಡ್ ಇಡುವುದನ್ನು, ಬೇರೆಯವರ ಸ್ಪೆಲ್ ನಡೆಸುವುದನ್ನು ಕಲಿಯೋದು ಎಲ್ಲಿ? 37ಕ್ಕೆ ಕೊಟ್ಟು 38ಕ್ಕೆ ಭುಜ, ಬೆರಳು ಎಲ್ಲ ಹೋಯ್ತು ಅನ್ನೋದು ಯಾವ ನ್ಯಾಯ? ಕುಂಬ್ಳೆಯವರಿಗೆ 30ಕ್ಕೆ ಸಿಕ್ಕಿದ್ದರೆ 14 ಟೆಸ್ಟ್‌ನ ಲೆಕ್ಕ ಇಟ್ಟುಕೊಂಡು ಧಾರವಾಡದವರು ನನ್ನ ಜೊತೆ ವಾದ ಮಾಡುತ್ತಿರಲಿಲ್ಲ.

ಧಾರವಾಡ ಓಪನರ್

ಇದನ್ನ ಒಪ್ಪುತೀನಿ. ಸಣ್ಣ ವಯಸ್ಸಿನಲ್ಲಿ ಕಲಿಸಬೇಕು ಅನ್ನೋದನ್ನ ಪೂರ್ತಿ ಒಪ್ಪುತೀನಿ. ಬೌಲರ್ ಅಂದ ಮಾತ್ರಕ್ಕೆ ಒಳ್ಳೇ ಕ್ಯಾಪ್ಟನ್ ಅನ್ನೋದನ್ನ ಮಾತ್ರ ಒಪ್ಪಲ್ಲ.

ಶಿವಮೊಗ್ಗ ಸ್ಕೋರ್‌ಬುಕ್

ಧಾರವಾಡದವರೇ, ಡೆಲ್ಲಿ ಟೆಸ್ಟ್ ಬಗ್ಗೆ ನೀವು ಬರೆಯಲಿಲ್ಲ. ಮೊಹಾಲಿ ಆದಮೇಲಿನದು.

ಕುಂಬ್ಳೆ ವಾಪಸ್ ಬಂದಿದ್ದರು. ಕ್ಯಾಚ್ ಹಿಡಿಯಲು ಹೋಗಿ ಎಡಗೈ ಕಿರುಬೆರಳು ಸೀಳಿತು. ಆಸ್ಪತ್ರೆಗೆ ಹೋಗಿ 11 ಹೊಲಿಗೆ ಹಾಕಿಸಿಕೊಂಡು ಮಾರನೇ ದಿನ ಬೌಲಿಂಗ್‌ಗೆ ಬಂದರು. ಬಾಲಂಗೋಚಿಗಳ ವಿಕೆಟ್ ಬಿದ್ದವು. ಮಿಚೆಲ್ ಜಾನ್ಸನ್ ಎತ್ತಿ ಹೊಡೆದ ಚೆಂಡು ಆಕಾಶಕ್ಕೆ ಹೋಯಿತು. ಸುತ್ತ ಬೇರೆಯವರಿದ್ದರು. ಆದರೂ ಬ್ಯಾಂಡೇಜ್ ಸುತ್ತಿದ್ದ ಕೈ ಮೇಲೆತ್ತಿಕೊಂಡು ಹಿಂದಕ್ಕೆ ಓಡಿ ಅವರೇ ಹಿಡಿದರು. ಅದು ಅವರ 619ನೆಯದು, ಕೊನೆಯದು. ನನ್ನ ಸ್ಕೋರ್ ಪುಸ್ತಕದಲ್ಲಿ ಕ್ಯಾಚ್‌ಗೂ ಬೌಲರ್‌ಗೂ ಒಂದೇ ಹೆಸರು ಬರೆದೆ.

ಐದನೇ ದಿನ, ಡೆಲ್ಲಿಯ ಇದೇ ಕೋಟ್ಲಾ ಮೈದಾನದಲ್ಲಿ ಹಿಂದೆ ಒಂದೇ ಇನಿಂಗ್ಸ್‌ನ 10 ವಿಕೆಟ್ಟೂ ತೆಗೆದಿದ್ದವರು, ನಿವೃತ್ತಿ ಹೇಳಿದರು. ಮುಂದಿನ ಟೆಸ್ಟ್‌ಗೆ ಕೈ ಸರಿಹೋಗಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಹುಡುಗರು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿಸಿದರು. ನಾಲ್ಕು ದಿನ ಬಿಟ್ಟು ನಾಗ್ಪುರದಲ್ಲಿ ಟಾಸ್‌ಗೆ ಧೋನಿ ಹೋದರು.